ಮಗು ರಾತ್ರಿ ಎದ್ದರೆ ಹಾಲು ಸಾಲದು ಅಂತಲ್ಲ

ಬಾಣಂತಿ ಮನೆಗೆ ಮಗು ನೋಡೋಕೆ ಬಂದವರು ತೊಟ್ಟಿಲಿಗೆ ಇಣುಕಿ, ಕೂಸಿನ ಮುಷ್ಟಿಗೊಂದು ನೋಟು ಇಟ್ಟು, ಕಾಫಿ ಕೈಗೆ ಬರುವಷ್ಟರಲ್ಲಿ ಕೇಳೋದು ಒಂದೇ: "ರಾತ್ರಿ ಮಲಗುತ್ತಾ?" ಎರಡು ಗಂಟೆಗೊಂದು ಸಲ ಏಳುತ್ತೆ ಅಂದರೆ ಮುಗೀತು. "ಹಾಲು ಸಾಲ್ತಿಲ್ವೇನೋ ಕಣೇ. ಒಂದು ಹೊತ್ತು ರಾಗಿ ಸರಿ ಹಾಕು, ಬೆಳಗಾಗೋವರೆಗೂ ಮಿಸುಕಲ್ಲ." ಕೂಸಿಗೆ ಆಗಿನ್ನೂ ಮೂರು ತಿಂಗಳೂ ತುಂಬಿರೋದಿಲ್ಲ.

ಹೇಳುವವರಿಗೆ ಮಗುವಿನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಆದರೆ ಆ ಮಾತು ಬಾಣಂತಿಯ ಕಿವಿಗೆ ಬೀಳೋದು ತೀರ್ಪಿನ ಹಾಗೆ. ನನ್ನ ತಂಗಿ ಹಗಲು ರಾತ್ರಿ ಸೇರಿ ಹತ್ತು ಸಲ ಹಾಲು ಕುಡಿಸಿಯೂ "ಅಕ್ಕ, ನಂಗೆ ಹಾಲೇ ಇಲ್ವೇನೋ" ಅಂತ ಅಳೋದನ್ನ ಕಣ್ಣಾರೆ ನೋಡಿದ್ದೀನಿ. ಮಗು ತೂಕ ಚೆನ್ನಾಗಿ ಏರಿಸಿಕೊಳ್ತಿತ್ತು, ದಿನಕ್ಕೆ ಆರೇಳು ಸಲ ಬಟ್ಟೆ ಒದ್ದೆ ಮಾಡ್ತಿತ್ತು. ಹಾಲು ಸಾಲ್ತಿದೆಯಾ ಅಂತ ತಿಳಿಯೋಕೆ ಮುಖ್ಯವಾಗಿ ನೋಡಬೇಕಾದ್ದು ಅವೆರಡನ್ನೇ, ಒದ್ದೆ ಬಟ್ಟೆ ಮತ್ತು ತಾಯಿ ಕಾರ್ಡಿನಲ್ಲಿ ಬರೆದ ತೂಕ. ರಾತ್ರಿ ಎಷ್ಟು ಸಲ ಎದ್ದಿತು ಅನ್ನೋದು ಅದಕ್ಕೆ ಅಳತೆಗೋಲೇ ಅಲ್ಲ. ನಿಜ ಹೇಳಬೇಕಂದ್ರೆ, ಮೊದಲ ವಾರಗಳಲ್ಲಿ ಹಾಲಿಗೂ ಏಳದೆ ಮಂಪರಾಗಿ ಬಿದ್ದಿರೋ ಕೂಸನ್ನೇ ತಡಮಾಡದೆ ಡಾಕ್ಟರಿಗೆ ತೋರಿಸಬೇಕು.

ಹೊಸದಾಗಿ ಹುಟ್ಟಿದ ಮಗು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತೆ, ಆದರೆ ತುಂಡು ತುಂಡಾಗಿ. ಅದರ ನಿದ್ದೆಯ ಒಂದು ಸುತ್ತು ಹೆಚ್ಚೆಂದರೆ ಒಂದು ಗಂಟೆ. ಅದರಲ್ಲೂ ಅರ್ಧ ಹಗುರ ನಿದ್ದೆ, ರೆಪ್ಪೆಯ ಒಳಗೆ ಕಣ್ಣು ಓಡಾಡ್ತಿರುತ್ತೆ, ತುಟಿ ನಗುತ್ತೆ, ಕೈಕಾಲು ಜಾಡಿಸುತ್ತೆ. ಆಗ ಸ್ವಲ್ಪ ಮುಲುಗಿದ ಕೂಡಲೇ ನಾವು ಎತ್ತಿಕೊಂಡು ಪೂರ್ತಿ ಎಬ್ಬಿಸಿಬಿಡ್ತೀವಿ. ಒಂದೆರಡು ನಿಮಿಷ ಎದೆ ಮೇಲೆ ಮೆಲ್ಲಗೆ ಕೈಯಿಟ್ಟು ಕಾದರೆ ಎಷ್ಟೋ ಸಲ ತಾನಾಗೇ ಇನ್ನೊಂದು ಸುತ್ತಿಗೆ ಜಾರುತ್ತೆ. ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆರು ತಿಂಗಳ ಮಕ್ಕಳಲ್ಲಿ ನೂರಕ್ಕೆ 38 ಮಕ್ಕಳು ಒಂದೇ ಸಮನೆ ಆರು ಗಂಟೆ ಕೂಡ ಮಲಗ್ತಿರಲಿಲ್ಲ. ವರ್ಷ ತುಂಬಿದ ಮೇಲೂ 28 ಮಕ್ಕಳು ಹಾಗೇ ಇದ್ದವು. ಹಾಗೆ ಏಳುವ ಮಕ್ಕಳಿಗೂ ಮಲಗುವ ಮಕ್ಕಳಿಗೂ ಬುದ್ಧಿಯ ಬೆಳವಣಿಗೆಯಲ್ಲಾಗಲಿ, ಕೈಕಾಲಿನ ಚಟುವಟಿಕೆಯಲ್ಲಾಗಲಿ ವ್ಯತ್ಯಾಸ ಕಂಡಿರಲಿಲ್ಲ.

ಇನ್ನು ಸಂಜೆಯ ರಚ್ಚೆ. ದೀಪ ಹಚ್ಚೋ ಹೊತ್ತಿಂದ ರಾತ್ರಿ ಹತ್ತರವರೆಗೆ ಮಗು ಎದೆ ಬಿಡಲ್ಲ, ಕುಡೀತಾ ಇರುತ್ತೆ, ಬಿಟ್ಟು ಅಳುತ್ತೆ, ಮತ್ತೆ ಕುಡಿಯುತ್ತೆ. ಮನೆಯಲ್ಲಿ ಒಬ್ಬರು ದೃಷ್ಟಿ ತೆಗೀತಾರೆ, ಇನ್ನೊಬ್ಬರು ಮೆಡಿಕಲ್ಸ್‌ಗೆ ಹೋಗಿ ಪೌಡರ್ ಹಾಲಿನ ಡಬ್ಬ ತರ್ತಾರೆ. ಇಲ್ಲೇ ಎಡವಟ್ಟು ಶುರು. ಮಗು ಎಷ್ಟು ಚೀಪುತ್ತೋ ಅಷ್ಟು ಹಾಲು ಊರುತ್ತೆ, ಅದು ದೇಹದ ಲೆಕ್ಕ. ಹಾಲು ಊರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೊತ್ತೇ ಹೆಚ್ಚಿರೋದು. ಆ ಹೊತ್ತಲ್ಲಿ ಬಾಟಲಿ ಕೊಟ್ಟರೆ ಎದೆಯಲ್ಲಿ ಹಾಲು ಹಾಗೇ ಉಳೀತದೆ, ಇಷ್ಟು ಬೇಡ ಅಂತ ದೇಹಕ್ಕೆ ಸುದ್ದಿ ಹೋಗುತ್ತೆ, ಕೆಲವೇ ವಾರಗಳಲ್ಲಿ ಹಾಲು ನಿಜಕ್ಕೂ ಕಮ್ಮಿ ಆಗುತ್ತೆ. ಆಮೇಲೆ "ನಾವು ಅವತ್ತೇ ಹೇಳಿರಲಿಲ್ವಾ" ಅನ್ನೋರು ಇದ್ದೇ ಇರ್ತಾರೆ. ವೈದ್ಯರು ತೂಕ ನೋಡಿ ಪೌಡರ್ ಹಾಲು ಬೇಕು ಅಂದಾಗ ಕೊಡಲೇಬೇಕು, ಅದರಲ್ಲಿ ಯಾವ ಅವಮಾನವೂ ಇಲ್ಲ. ನನ್ನ ತಕರಾರು ನಿದ್ದೆಯ ಆಸೆಗೆ ಕೊಡುವ ಬಾಟಲಿಯ ಬಗ್ಗೆ ಮಾತ್ರ.

ರಾಗಿ ಸರಿ ವಿಷಯಕ್ಕೆ ಬರ್ತೀನಿ. ನನಗೆ ಅದರ ಮೇಲೆ ಅಪಾರ ಗೌರವ. ನಮ್ಮಮ್ಮ ರಾಗಿ ತೊಳೆದು, ರಾತ್ರಿಯಿಡೀ ನೆನೆಸಿ, ಬಿಳೀ ಪಂಚೆ ತುಂಡಲ್ಲಿ ಗಂಟು ಕಟ್ಟಿ ಮೊಳಕೆ ಬರಿಸ್ತಾರೆ. ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ್ಮನ್ನೋವರೆಗೆ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜಾಲಿಸಿ ಹಿಟ್ಟು ತೆಗೀತಾರೆ. ಬಟ್ಟೆ ಮೇಲೆ ಉಳಿಯೋ ತೌಡು ಒಂದು ಕಡೆ, ಕೆಳಗೆ ಬೀಳೋ ಪೌಡರಿನಂಥ ಹಿಟ್ಟು ಇನ್ನೊಂದು ಕಡೆ. ಮೊಳಕೆ ಬಂದಾಗ ಹುಟ್ಟುವ ಅಮೈಲೇಸ್ ಅನ್ನೋ ಕಿಣ್ವ ಪಿಷ್ಟವನ್ನ ಒಡೆಯೋದರಿಂದ ಗಂಜಿ ಅಂಟಾಗಲ್ಲ, ಅದೇ ನೀರಿಗೆ ಜಾಸ್ತಿ ಹಿಟ್ಟು ಹಿಡಿಯುತ್ತೆ, ಪುಟ್ಟ ಹೊಟ್ಟೆಗೆ ಜಾಸ್ತಿ ಪುಷ್ಟಿ ಸಿಗುತ್ತೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಇಷ್ಟು ಒಳ್ಳೆಯ ಆಹಾರವನ್ನ ನಿದ್ದೆ ಮಾತ್ರೆ ಥರ ಬಳಸಬಾರದು ಅನ್ನೋದೇ ನನ್ನ ವಾದ. ಆರು ತಿಂಗಳವರೆಗೆ ಎದೆಹಾಲು ಮಾತ್ರ, ಬೇಸಿಗೆಯಲ್ಲೂ ನೀರು ಬೇಡ, ಆರು ತುಂಬಿದ ಮೇಲೆ ಸರಿ, ಬೇಳೆಕಟ್ಟು, ಮೆತ್ತಗಿನ ಅನ್ನ, ಬಾಳೆಹಣ್ಣು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಇದನ್ನೇ, ನಮ್ಮ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಹೇಳೋದೂ ಇದನ್ನೇ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲು ಮಾತ್ರ ಕುಡಿಯುತ್ತಿದ್ದದ್ದು ಶೇಕಡಾ 63.7.

ಹೊಟ್ಟೆ ಗಟ್ಟಿಯಾದರೆ ನಿದ್ದೆ ಗಟ್ಟಿಯಾಗುತ್ತಾ ಅನ್ನೋದನ್ನ ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1,300 ಶಿಶುಗಳಲ್ಲಿ ಒಂದು ಗುಂಪಿಗೆ ಮೂರು ತಿಂಗಳಿಂದಲೇ ಎದೆಹಾಲಿನ ಜೊತೆ ಗಟ್ಟಿ ಆಹಾರ ಕೊಟ್ಟರು. ಅವು ಹೆಚ್ಚು ಮಲಗಿದ್ದು ನಿಜ, ಆದರೆ ವ್ಯತ್ಯಾಸ ಅತಿ ಹೆಚ್ಚು ಇದ್ದಾಗಲೂ ರಾತ್ರಿಗೆ 17 ನಿಮಿಷ ದಾಟಲಿಲ್ಲ. ಸ್ವಾನ್‌ಸೀ ವಿಶ್ವವಿದ್ಯಾಲಯದವರು 2015ರಲ್ಲಿ ಆರರಿಂದ ಹನ್ನೆರಡು ತಿಂಗಳ ಮಕ್ಕಳ ತಾಯಂದಿರನ್ನ ವಿಚಾರಿಸಿದಾಗ ಇನ್ನೂ ಸ್ವಾರಸ್ಯದ ಸಂಗತಿ ತಿಳೀತು. ಹಗಲು ಚೆನ್ನಾಗಿ ತಿಂದು ಕುಡಿದ ಮಕ್ಕಳು ರಾತ್ರಿ ಹಾಲು ಕೇಳೋದು ಕಮ್ಮಿ ಮಾಡಿದ್ದವು, ಏಳೋದನ್ನಲ್ಲ. ಎದೆಹಾಲಿನ ಮಗು, ಬಾಟಲಿ ಹಾಲಿನ ಮಗು ಅನ್ನೋ ಭೇದವೂ ಅದರಲ್ಲಿ ಕಾಣಲಿಲ್ಲ. ಹಾಗಾಗಿ ಹಗಲು ಹೊತ್ತು ಸರಿಯಾಗಿ ಕುಡಿಸಿ ಅಂತ ನಾನೂ ಹೇಳ್ತೀನಿ. ಆಟ, ಸದ್ದು, ಜನ ಅಂತ ನಾಲ್ಕೈದು ತಿಂಗಳ ಮಕ್ಕಳು ಹಗಲು ಅರ್ಧಂಬರ್ಧ ಕುಡಿದು ಬಾಕಿಯನ್ನ ರಾತ್ರಿಗೆ ಇಟ್ಟುಕೊಳ್ತವೆ. ಶಾಂತವಾದ ಮೂಲೆಯಲ್ಲಿ ಕೂತು ಕುಡಿಸಿದರೆ ಅದಕ್ಕೆ ಫಲ ಇದೆ.

ತೇಯುವ ಕಲ್ಲಿನ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸ್ತೀನಿ. ಜಾಜಿಕಾಯಿ ತೇಯ್ದು ನೆಕ್ಕಿಸಿದಾಗ ಬರೋದು ನಿದ್ದೆ ಅಲ್ಲ, ಮಂಪರು. ಬಜೆಯಲ್ಲಿರುವ ಬೀಟಾ ಅಸರೋನ್ ಅನ್ನೋ ರಾಸಾಯನಿಕದ ಕಾರಣಕ್ಕೆ ಅಮೆರಿಕದಲ್ಲಿ 1968ರಲ್ಲೇ ಅದನ್ನ ಆಹಾರದಲ್ಲಿ ಬಳಸದಂತೆ ನಿಷೇಧ ಮಾಡಿದ್ದಾರೆ. ಜೇನುತುಪ್ಪ ವರ್ಷ ತುಂಬೋವರೆಗೆ ಬೇಡವೇ ಬೇಡ, ಅದರಿಂದ ಬರಬಹುದಾದ ಬಾಟುಲಿಸಂ ಅನ್ನೋ ಕಾಯಿಲೆ ಪ್ರಾಣಕ್ಕೇ ಅಪಾಯ.

ನಿಜವಾಗಿ ಬದಲಾಯಿಸಬೇಕಾದ್ದು ಬಾಣಂತಿ ಕೋಣೆಯ ಬೆಳಕನ್ನ. ಗಾಳಿ ಸೋಕಬಾರದು ಅಂತ ಕಿಟಕಿ ಮುಚ್ಚಿ, ಪರದೆ ಎಳೆದು, ಮಧ್ಯಾಹ್ನ ಹನ್ನೆರಡಕ್ಕೂ ಕತ್ತಲೆ ಮಾಡಿರ್ತೀವಿ. ರಾತ್ರಿ ಒಂಬತ್ತಕ್ಕೆ ಅದೇ ಕೋಣೆಯಲ್ಲಿ ಟ್ಯೂಬ್‌ಲೈಟು, ಪಕ್ಕದಲ್ಲಿ ಧಾರಾವಾಹಿ, ಮಾವನ ಮನೆಯವರ ವಿಡಿಯೋ ಕಾಲು. ಹಗಲು ಯಾವುದು, ರಾತ್ರಿ ಯಾವುದು ಅಂತ ಆ ಜೀವಕ್ಕೆ ಹೇಗೆ ಗೊತ್ತಾಗಬೇಕು? ಹುಟ್ಟಿದಾಗ ಅದಕ್ಕೆ ಸ್ವಂತ ಗಡಿಯಾರ ಇರಲ್ಲ. ಕತ್ತಲಾದಾಗ ನಿದ್ದೆಯ ಹಾರ್ಮೋನಾದ ಮೆಲಟೋನಿನ್ ತಯಾರಿಸೋ ಲಯ ಕೂಡಿಬರೋದೇ ಎರಡು ಮೂರು ತಿಂಗಳ ಹೊತ್ತಿಗೆ. ಅಲ್ಲಿಯವರೆಗೆ ತಾಯಿಯ ರಾತ್ರಿ ಹಾಲಲ್ಲಿ ಮೆಲಟೋನಿನ್ ಇರುತ್ತೆ, ಹಗಲ ಹಾಲಲ್ಲಿ ಅದು ಇಲ್ಲವೆನ್ನುವಷ್ಟು ಕಮ್ಮಿ. ಯಾವ ಹಾಲು ಸಾಲದು ಅಂತ ನಾವು ಅನುಮಾನ ಪಡ್ತೀವೋ ಅದೇ ಮಗುವನ್ನ ಮಲಗಿಸೋ ಹಾಲು. ಬೆಳಿಗ್ಗೆ ಕಿಟಕಿ ತೆಗೀರಿ. ಹಗಲು ನಿದ್ದೆ ಬೆಳಕಲ್ಲೇ, ಮನೆಯ ಸದ್ದಲ್ಲೇ ಆಗಲಿ. ಸಂಜೆ ಏಳರ ಮೇಲೆ ದೀಪ ತಗ್ಗಿಸಿ, ಟಿವಿ ಆರಿಸಿ. ರಾತ್ರಿ ಕುಡಿಸುವಾಗ ಸಣ್ಣ ದೀಪ ಸಾಕು, ಮಾತು ಆಟ ಬೇಡ.

ಎಣ್ಣೆ ನೀರಿನ ಪದ್ಧತಿ ನನಗೆ ಇಷ್ಟ. ನೀರು ಹಾಕೋಕೆ ಬರೋ ಅಜ್ಜಿ ಕಾಲು ನೀಡಿ ಕೂತು, ಕೂಸನ್ನ ಕಾಲ ಮೇಲೆ ಮಲಗಿಸಿ ತಿಕ್ಕಿದ ಮೇಲೆ ಬರೋ ನಿದ್ದೆಗೆ ಸಾಟಿ ಇಲ್ಲ. ಆ ನಿದ್ದೆ ಬರೋದು ಎಣ್ಣೆ ಕೈಯಿಂದ, ಬಿಸಿನೀರಿಂದ. ಸಾಂಬ್ರಾಣಿ ಹೊಗೆ ಕೂಸಿನ ಶ್ವಾಸಕೋಶಕ್ಕೆ ಬೇಡ.

ತಾಯಿ ಕೆಲಸಕ್ಕೆ ವಾಪಸಾದಾಗ ಇಷ್ಟು ದಿನ ಕೂಡಿಬಂದದ್ದೆಲ್ಲ ಮತ್ತೆ ಅಲ್ಲಾಡುತ್ತೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ಮೊದಲ ಎರಡು ಹೆರಿಗೆಗೆ 26 ವಾರ ರಜೆ ಕೊಡ್ತು. ಹೆರಿಗೆಗೆ ಮೊದಲೇ ಕೆಲವು ವಾರ ತಗೊಂಡವರಿಗೆ ಮಗುವಿನ ನಾಲ್ಕೂವರೆ, ಐದು ತಿಂಗಳಿಗೇ ರಜೆ ಮುಗೀತದೆ. ಹಗಲೆಲ್ಲ ಅಮ್ಮ ಸಿಗದ ಕೂಸು ರಾತ್ರಿಯೆಲ್ಲ ಕುಡಿಯುತ್ತೆ, ಅದು ಹಟ ಅಲ್ಲ. ಐವತ್ತು ಮತ್ತು ಹೆಚ್ಚು ಜನ ಇರೋ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನ ನೋಡಬಹುದು ಅಂತಲೂ ಅದೇ ತಿದ್ದುಪಡಿ ಹೇಳಿತು. ಗಾರ್ಮೆಂಟ್ಸ್‌ನಲ್ಲಿ ಮೆಷಿನ್ ಬಿಟ್ಟು ಏಳೋಕೆ ಸೂಪರ್‌ವೈಸರ್ ಮುಖ ನೋಡಬೇಕಾದ ಹೆಣ್ಣುಮಗಳಿಗೆ ಆ ನಾಲ್ಕು ಸಲ ಸಿಕ್ಕರೆ ಅವಳ ರಾತ್ರಿಯೂ ಹಗುರಾಗುತ್ತೆ. ನಿದ್ದೆಯ ಪ್ರಶ್ನೆಯನ್ನ ಅಡುಗೆಮನೆಯಲ್ಲಿ ಮಾತ್ರ ಹುಡುಕೋದನ್ನ ಬಿಟ್ಟು ಇಂಥ ಕಡೆ ಜಗಳ ಆಡೋಣ.

ಮನೆಯ ಗಂಡಸರು ಓದ್ತಿದ್ದರೆ ಅವರಿಗೂ ಒಂದು ಮಾತು. ಹಾಲು ಕುಡಿಸೋದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ನಿಮ್ಮ ಕೈಲಾಗುತ್ತೆ. ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗಿಸಿ, ಬಟ್ಟೆ ಬದಲಾಯಿಸಿ, ಬೆನ್ನ ಮೇಲೆ ಅಂಗಾತ ಮಲಗಿಸಿ. ತಂಗಿಯ ಗಂಡ ಬೆಳಗಿನ ಜಾವ ನಾಲ್ಕರ ಹಾಲಾದ ಮೇಲೆ ಮಗುವನ್ನ ಎತ್ತಿಕೊಂಡು ಹಾಲ್‌ಗೆ ಬಂದುಬಿಡ್ತಾರೆ, ಅವಳು ಏಳೂವರೆವರೆಗೆ ಒಂದೇ ನಿದ್ದೆ ಮಾಡ್ತಾಳೆ. ಮಗು ಈಗಲೂ ರಾತ್ರಿ ಮೂರು ಸಲ ಏಳುತ್ತೆ. ಹಾಲು ಸಾಲದು ಅಂತ ಮಾತ್ರ ಅವಳು ಅಳೋದಿಲ್ಲ.