ನೋಡುವ ಮೊದಲೇ ಬೋರ್ ಅನ್ನಬೇಡಿ

ನಿನ್ನೆ ರಾತ್ರಿಯಿಂದ ಒಂದು ಸಿಟ್ಟು, ಒಂದು ಖುಷಿ ಎರಡೂ ಒಟ್ಟಿಗೆ ತಲೆಯಲ್ಲಿ ಕೂತಿವೆ. ಬರೆಯದೆ ನಿದ್ದೆ ಬರುವುದಿಲ್ಲ.

ದೊಡ್ಡಪ್ಪ ಕಣ್ಣು ತೋರಿಸಲಿಕ್ಕೆ ಬೆಳ್ತಂಗಡಿಯಿಂದ ಬಂದು ಮಂಗಳೂರು ಕದ್ರಿಯ ನಮ್ಮ ಮನೆಯಲ್ಲಿ ಉಳಿದಿದ್ದರು. ಅವರನ್ನು ನೋಡಲು ತಂಗಿ, ಭಾವ, ಮಕ್ಕಳೂ ಬಂದರು. ಊಟ ಆಯಿತು. ಟಿವಿಯಲ್ಲಿ ಎಂತಾದರೂ ಹಾಕು ಅಂದರು. ನಾನು ‘ಹನಿಲ್ಯಾಂಡ್’ ಹಾಕಿದೆ.

"ಎಂತ ಇದು?"

"ಡಾಕ್ಯುಮೆಂಟರಿ."

"ಅಯ್ಯೋ, ಬೋರ್!"

ಇನ್ನೂ ಹೆಸರು ಬಂದಿರಲಿಲ್ಲ ಪರದೆ ಮೇಲೆ. ಒಂದು ದೃಶ್ಯ ನೋಡಿರಲಿಲ್ಲ. ನಾಲ್ಕು ಜನ ಎದ್ದು ಫೋನ್ ಹಿಡಿದುಕೊಂಡು ಬಾಲ್ಕನಿಗೆ ಹೋದರು. ಉಳಿದದ್ದು ನಾನು ಮತ್ತು ದೊಡ್ಡಪ್ಪ.

ದೊಡ್ಡಪ್ಪನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ಅಡಿಕೆ ತೋಟದ ನಡುವೆ ನಲವತ್ತು ವರ್ಷದಿಂದ ಜೇನುಪೆಟ್ಟಿಗೆ ಇಟ್ಟವರು. ‘ಹನಿಲ್ಯಾಂಡ್’ 2019ರ ಚಿತ್ರ. ಉತ್ತರ ಮ್ಯಾಸಿಡೋನಿಯಾದ ಬೆಟ್ಟದ ಮೇಲಿನ ಒಂದು ಪಾಳುಬಿದ್ದ ಊರು. ಅಲ್ಲಿ ಹಾಸಿಗೆ ಹಿಡಿದ ಮುದಿ ತಾಯಿಯ ಜೊತೆ ಇರುವ ಹತಿಜೆ ಎಂಬ ಹೆಂಗಸು. ಜೇನೇ ಅವಳ ಬದುಕು. ಶುರುವಿನಲ್ಲೇ ಅವಳು ಕಡಿದಾದ ಬಂಡೆಯ ಅಂಚಿನಲ್ಲಿ ನಡೆದು ಹೋಗಿ ಒಂದು ಕಲ್ಲಿನ ಚಪ್ಪಡಿ ಸರಿಸುತ್ತಾಳೆ. ಒಳಗೆ ಜೇನಿನ ಎರಿ. ದೊಡ್ಡಪ್ಪ ಕನ್ನಡಕ ಸರಿ ಮಾಡಿಕೊಂಡು ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡರು.

ಜೇನು ತೆಗೆಯುವಾಗ ಅವಳು "ಅರ್ಧ ನನಗೆ, ಅರ್ಧ ನಿಮಗೆ" ಅಂತ ಹುಳಗಳಿಗೇ ಹೇಳುತ್ತಾಳೆ. ನಾನು ಅರ್ಥ ಹೇಳಿದೆ. "ಮತ್ತೆ? ಅರ್ಧ ಬಿಡ್ಲೇಬೇಕು. ಇಲ್ಲದಿದ್ರೆ ಮಳೆಗಾಲದಲ್ಲಿ ಅವು ಎಂತ ತಿನ್ನುವುದು?" ಅಂದರು ದೊಡ್ಡಪ್ಪ.

ಆಮೇಲೆ ಪಕ್ಕಕ್ಕೆ ಒಂದು ಅಲೆಮಾರಿ ಸಂಸಾರ ಬರುತ್ತದೆ. ದನಕರು, ಮನೆ ತುಂಬ ಮಕ್ಕಳು. ಅವಳನ್ನು ನೋಡಿ ಆ ಮನೆಯ ಯಜಮಾನನೂ ಜೇನು ಸಾಕಲು ಹೊರಡುತ್ತಾನೆ. ವ್ಯಾಪಾರಿ ಬಂದು ಇನ್ನೂ ಕೊಡು, ಜಾಸ್ತಿ ಕೊಡು ಅನ್ನುತ್ತಾನೆ. ಇವನು ಪೂರ್ತಿ ತೆಗೆಯುತ್ತಾನೆ. ದೊಡ್ಡಪ್ಪ ಮೆಲ್ಲಗೆ ಹೇಳಿದರು: "ಹೋಯ್ತು. ಇನ್ನು ಇವನ ಹುಳ ಅವಳ ಗೂಡಿಗೆ ನುಗ್ತದೆ ನೋಡು."

ಸ್ವಲ್ಪ ಹೊತ್ತಿಗೆ ಅದೇ ಆಯಿತು. ನನಗೆ ಮೈ ಜುಮ್ಮೆಂದಿತು. ಸಬ್‌ಟೈಟಲ್ ಓದಿದ ನನಗೆ ಗೊತ್ತಾಗದ್ದು ಅವರಿಗೆ ಗೊತ್ತಾಗಿತ್ತು. ಒಂದು ವಿಷಯ ಹೇಳಬೇಕು. ಹತಿಜೆ ಆಡುವುದು ಹಳೇ ಟರ್ಕಿ ಮಾತು. ಶೂಟಿಂಗ್ ಮಾಡುವಾಗ ನಿರ್ದೇಶಕರಿಗೇ ಅದು ಅರ್ಥ ಆಗುತ್ತಿರಲಿಲ್ಲ. ಮಾತು ಬಿಟ್ಟು, ಬರೀ ದೃಶ್ಯ ನೋಡಿ ಎಡಿಟಿಂಗ್ ಶುರು ಮಾಡಿದ್ದರು. ಮೂರು ವರ್ಷ ಸುಮ್ನೆ ಅಲ್ಲಿ ಕೂತು ನೋಡಿದವರು ಅವರು. ದೊಡ್ಡಪ್ಪ ನೋಡಿದ್ದೂ ಹಾಗೆಯೇ ಅಲ್ವಾ?

ಚಿತ್ರ ಮುಗಿದ ಮೇಲೆ ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ 1992ರ ಕಥೆ ಹೇಳಿದರು. ಆ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ದಕ್ಷಿಣ ಭಾರತದಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಬಹುಪಾಲು ಸತ್ತೇ ಹೋಗಿತ್ತು. ಮರಿಗಳು ಎರಿಯ ಕಣ್ಣಿನೊಳಗೇ ನೀರು ತುಂಬಿದ ಚೀಲದ ಹಾಗೆ ಸಾಯುತ್ತವೆ. ದೊಡ್ಡಪ್ಪನ ಇಪ್ಪತ್ತೆರಡು ಪೆಟ್ಟಿಗೆಯಲ್ಲಿ ಉಳಿದದ್ದು ಒಂದು. "ಬೆಳಿಗ್ಗೆ ಎದ್ದು ತೋಟಕ್ಕೆ ಹೋದ್ರೆ ಶಬ್ದವೇ ಇಲ್ಲ ಮಗಾ" ಅಂದರು. ನನ್ನ ಇಷ್ಟು ವಯಸ್ಸಿನಲ್ಲಿ ಈ ಮಾತು ಅವರ ಬಾಯಿಂದ ಕೇಳಿರಲಿಲ್ಲ. ಒಂದು ಸಿನಿಮಾ ಅದನ್ನು ಹೊರಗೆ ತಂದಿತು. ಬಾಲ್ಕನಿಯಲ್ಲಿದ್ದವರಿಗೆ ಅದು ಸಿಗಲಿಲ್ಲ. ನನ್ನ ಸಿಟ್ಟು ಅದಕ್ಕೇ.

ಈ ‘ಬೋರ್’ ಅನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ! ಆಫೀಸಿನಲ್ಲಿ, ಫ್ಯಾಮಿಲಿ ಗ್ರೂಪಿನಲ್ಲಿ, ಬಸ್ಸಿನಲ್ಲಿ. ನೋಡಿ ಬೋರ್ ಆಯಿತು ಅಂದರೆ ಒಪ್ಪುತ್ತೇನೆ, ಕೂತು ಮಾತಾಡೋಣ. ನೋಡದೆ ಹೇಳುವುದು ಯಾಕೆ?

ದುಡಿದು ಬಂದವನಿಗೆ ಮನರಂಜನೆ ಬೇಡವಾ, ನಿಧಾನದ ಚಿತ್ರ ಯಾರಿಗೆ ಬೇಕು ಅಂತ ಭಾವ ಕೇಳಿದರು. ನಿಧಾನ ನಮಗೆ ಹೊಸತಾ ಭಾವ? ಇಡೀ ರಾತ್ರಿ ಚಾಪೆ ಹಾಸಿಕೊಂಡು ಯಕ್ಷಗಾನ ಆಟ ನೋಡಿದ ಊರು ಇದು. ಈಗ ಕಾಲಮಿತಿ ಬಂದಿದೆ, ಸರಿ. ಆದರೆ ದೇವಿ ಮಹಾತ್ಮೆಯಲ್ಲಿ ದೊಂದಿ ಹಿಡಿದುಕೊಂಡು ಮಹಿಷಾಸುರ ಜನರ ನಡುವಿನಿಂದ ಬರುವುದನ್ನು ನೋಡಲು ನಿದ್ದೆಗೆಟ್ಟು ಕಾದವರು ನಾವೇ. ಭೂತಕೋಲದಲ್ಲಿ ಬಣ್ಣ ಹಚ್ಚುವುದರಿಂದ ಬೆನ್ನಿಗೆ ಪ್ರಭಾವಳಿಯಂಥ ಅಣಿ ಕಟ್ಟುವವರೆಗೆ ಅಲ್ಲಾಡದೆ ಕೂತವರೂ ನಾವೇ. ಕಾಯುವುದು ನಮಗೆ ಬರುವುದಿಲ್ಲ ಅಂದರೆ ನಾನು ನಂಬುವುದಿಲ್ಲ.

ಹಾಗಾಗಿ ಹೇಳುತ್ತೇನೆ, ನಿಮ್ಮ ಕೆಲಸಕ್ಕೆ, ನಿಮ್ಮ ಮನೆಗೆ ಹತ್ತಿರ ಇರುವುದರಿಂದ ಶುರು ಮಾಡಿ.

ಮಲ್ಪೆಯ, ಬಂದರಿನ ಗೆಳೆಯರು 2012ರ ‘ಲೆವಯಾಥನ್’ ನೋಡಿ. ಅಮೆರಿಕದ ನ್ಯೂ ಬೆಡ್‌ಫರ್ಡ್ ದಕ್ಕೆಯಿಂದ ಹೊರಡುವ ಟ್ರಾಲ್ ಬೋಟು. ವಿವರಣೆ ಕೊಡುವ ದನಿ ಇಲ್ಲ. ನೀರಿಗೂ ಜಗ್ಗದ ಸಣ್ಣ ಕ್ಯಾಮೆರಾಗಳನ್ನು ಮೀನುಗಾರರ ಮೈಗೆ ಕಟ್ಟಿದ್ದಾರೆ, ಮೀನಿನ ರಾಶಿಯ ನಡುವೆ ಬಿಟ್ಟಿದ್ದಾರೆ. ರಾತ್ರಿ, ಸರಪಳಿಯ ಸದ್ದು, ಬಲೆ ಮೇಲೆ ಬರುವ ಹೊತ್ತು. ಮೀನು ತಿನ್ನುವ ನಾವು ಬೋಟಿನಲ್ಲಿ ಹತ್ತು ದಿನ ಕಳೆಯುವವರ ನಿದ್ದೆಗಣ್ಣನ್ನು ಒಮ್ಮೆಯಾದರೂ ನೋಡಬೇಡವಾ?

ದಕ್ಕೆಯ ಮೇಲೆ ಸುತ್ತುವ ಹದ್ದುಗಳನ್ನು ದಿನಾ ನೋಡುತ್ತೇವೆ. ದೆಹಲಿಯಲ್ಲಿ ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕುಯ್ದುಕೊಂಡು ಬಿದ್ದ ಅಂಥದೇ ಹದ್ದುಗಳನ್ನು ತಂದು ಸಾಕುವ ಅಣ್ಣತಮ್ಮಂದಿರ ಚಿತ್ರ ‘ಆಲ್ ದಟ್ ಬ್ರೀದ್ಸ್’. ಶೌನಕ್ ಸೇನ್ 2022ರಲ್ಲಿ ಮಾಡಿದ್ದು, ಕಾನ್ ಉತ್ಸವದಲ್ಲಿ ಸಾಕ್ಷ್ಯಚಿತ್ರದ ಬಹುಮಾನ ಪಡೆದದ್ದು. ಸೋಪಿನ ಡಿಸ್ಪೆನ್ಸರ್ ತಯಾರಿಸುವ ನೆಲಮಾಳಿಗೆಯಲ್ಲೇ ಹಕ್ಕಿಗಳಿಗೂ ಚಿಕಿತ್ಸೆ.

ಇನ್ನೊಂದನ್ನು ಬೆಳ್ತಂಗಡಿಯವರು ನೋಡಲೇಬೇಕು. ಕೆ.ಆರ್. ಮನೋಜ್ ಅವರ 2010ರ ‘ಎ ಪೆಸ್ಟರಿಂಗ್ ಜರ್ನಿ’. ಪಂಜಾಬಿನ ಹತ್ತಿ ಹೊಲದಿಂದ ಕಾಸರಗೋಡಿನ ಗೇರು ತೋಟದವರೆಗೆ ಕೀಟನಾಶಕದ ಜಾಡು ಹಿಡಿದು ಹೋಗುತ್ತದೆ. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಎಂಬ ಕೀಟನಾಶಕ ಕಾಸರಗೋಡಿನ ಕಥೆ ಮಾತ್ರ ಅಲ್ಲ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆಯಲ್ಲಿ ಇವತ್ತಿಗೂ ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳಿದ್ದಾರೆ. ಅವರ ಅಮ್ಮಂದಿರ ಎದುರು ನಿಂತು ಬೋರ್ ಅನ್ನಲು ಯಾರಿಗಾದರೂ ಬಾಯಿ ಬಂದೀತಾ?

ಒಂದು ಚಿತ್ರದ ಬಗ್ಗೆ ಬರೆಯುವುದು ನನಗೆ ಕಷ್ಟ. ‘ಅಪ್ ಡೌನ್ ಆಂಡ್ ಸೈಡ್‌ವೇಸ್’, 2017ರದ್ದು. ನಾಗಾಲ್ಯಾಂಡಿನ ಫೆಕ್ ಎಂಬಲ್ಲಿ ಮೆಟ್ಟಿಲು ಮೆಟ್ಟಿಲಾದ ಗದ್ದೆಗಳಲ್ಲಿ ಜನ ಗುಂಪಾಗಿ ಕೆಲಸ ಮಾಡುತ್ತಾ ಹಾಡುತ್ತಾರೆ. ಒಬ್ಬರು ಎತ್ತಿದ ದನಿಯನ್ನು ಇನ್ನೊಬ್ಬರು ಹಿಡಿಯುತ್ತಾರೆ. ಹಾಡು ನಿಂತರೆ ಕೆಲಸವೂ ನಿಲ್ಲುತ್ತದೇನೋ ಅನ್ನಿಸುತ್ತದೆ. ನಮ್ಮ ಅಜ್ಜಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ "ಓ ಬೇಲೆ" ಎಂಬ ತುಳು ಹಾಡು ಹಾಡುತ್ತಿದ್ದರು. ಸೊಂಟ ಬಗ್ಗಿಸಿಕೊಂಡೇ ಅವರು ಒಂದು ಸಾಲು ಎತ್ತಿದರೆ ಗದ್ದೆಯ ಆ ಕಡೆಯಿಂದ ಉತ್ತರ ಬರುತ್ತಿತ್ತು. ಅವರ ಕೊನೆಯ ವರ್ಷಗಳಲ್ಲಿ ನನ್ನ ಕಿಸೆಯಲ್ಲಿ ರೆಕಾರ್ಡ್ ಮಾಡಬಲ್ಲ ಫೋನ್ ಇತ್ತು. ಒಂದು ಸಲವೂ ಅಜ್ಜೀ, ಹಾಡಿ ಅಂತ ಕೇಳಲಿಲ್ಲ ನಾನು. ಈಗ ಆ ಗದ್ದೆಯಲ್ಲಿ ಅಡಿಕೆ ಉಂಟು. ಚಿತ್ರ ನೋಡಿದ ರಾತ್ರಿ ಅತ್ತುಬಿಟ್ಟೆ. ಯಾರೋ ಒಂದಿಬ್ಬರು ಫೆಕ್‌ಗೆ ಹೋಗಿ ಆ ಹಾಡುಗಳನ್ನು ಉಳಿಸಿಕೊಂಡರಲ್ಲ, ಅವರಿಗೆ ಕೈ ಮುಗಿಯಬೇಕು.

ಒಂದು ತಕರಾರು ಮಾತ್ರ ನಿಜ, ಅದನ್ನು ಒಪ್ಪುತ್ತೇನೆ. ಇವು ಕನ್ನಡದಲ್ಲಿ ಸಿಗುವುದಿಲ್ಲ. ಡಬ್ಬಿಂಗ್ ಬೇಡ ಅಂತ ನಾವು ಎಷ್ಟೋ ವರ್ಷ ಬಾಗಿಲು ಹಾಕಿಕೊಂಡು ಕೂತೆವು. ಅದನ್ನು ತಡೆಯುವುದು ತಪ್ಪು ಅಂತ 2015ರಲ್ಲಿ ವ್ಯಾಪಾರದ ಪೈಪೋಟಿ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗವೇ ಹೇಳಬೇಕಾಯಿತು. ಆ ವರ್ಷಗಳಲ್ಲಿ ನಮ್ಮ ಮಕ್ಕಳು ಕಾಡು, ಕಡಲು, ನಕ್ಷತ್ರದ ಕಥೆಗಳನ್ನು ತಮ್ಮ ಭಾಷೆಯಲ್ಲಿ ಕೇಳದೆ ಬೆಳೆದರು. ನಮ್ಮ ಕಾಡುಪ್ರಾಣಿಗಳ ಸಾಕ್ಷ್ಯಚಿತ್ರ ‘ವೈಲ್ಡ್ ಕರ್ನಾಟಕ’ 2020ರಲ್ಲಿ ಟಿವಿಗೆ ಬಂದಾಗ ಕನ್ನಡದಲ್ಲಿ ಕಥೆ ಹೇಳಿದ್ದು ನಮ್ಮ ಕುಂದಾಪುರ ಕಡೆಯ ರಿಷಬ್ ಶೆಟ್ಟಿ. ಅದನ್ನು ಇದೇ ತಂಗಿಯ ಮಗ ಎದ್ದು ಹೋಗದೆ ಕೊನೆಯವರೆಗೆ ನೋಡಿದ್ದ. ನನಗೆ ನೆನಪಿದೆ. ಅವನಿಗೂ ನೆನಪಿರಬೇಕು.

ಬರುವ ಶನಿವಾರ ಸಂಜೆ ನಮ್ಮ ತಾರಸಿಯಲ್ಲಿ ‘ಹನಿಲ್ಯಾಂಡ್’ ಇನ್ನೊಮ್ಮೆ ಹಾಕುತ್ತೇನೆ. ಅರ್ಥ ಆಗದ ಕಡೆ ಕನ್ನಡದಲ್ಲಿ ಹೇಳುತ್ತೇನೆ. ಅಪ್ಪ ಅಮ್ಮನನ್ನು ಕರೆದುಕೊಂಡು ಬನ್ನಿ. ಹಳ್ಳಿಯಿಂದ ಯಾರಾದರೂ ಬಂದಿದ್ದರೆ ಅವರನ್ನಂತೂ ಬಿಟ್ಟು ಬರಬೇಡಿ.

ಇವತ್ತು ಬೆಳಿಗ್ಗೆ ದೊಡ್ಡಪ್ಪನನ್ನು ಬಸ್ಸಿಗೆ ಬಿಡಲು ಹೋಗಿದ್ದೆ. ಬಸ್ಸು ಹತ್ತುವ ಮೊದಲು ಕೇಳಿದರು, "ಆ ಹೆಂಗಸು ಈಗ ಎಲ್ಲಿದ್ದಾಳೆ?"

ಚಿತ್ರ ಮಾಡಿದವರೇ ಬೇರೆ ಊರಿನಲ್ಲಿ ಅವಳಿಗೊಂದು ಮನೆ ಕೊಡಿಸಿದ್ದಾರೆ ಅಂದೆ.

"ಒಳ್ಳೇದಾಯ್ತು" ಅಂದರು. ಚೀಲವನ್ನು ಹೆಗಲಿಗೆ ಹಾಕಿಕೊಂಡು, ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿಟ್ಟು, ಹಿಂದೆ ತಿರುಗಿದರು. "ಮತ್ತೆ ಜೇನು?"