ಸತ್ಯಾಂಶ: ಟೆಂಡರ್‌ಗೆ ಸಿಎಜಿ ಒಪ್ಪಿಗೆ ಬೇಕಾ?

ಮಂಡ್ಯ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ಸಿಎಜಿ (ಸರ್ಕಾರದ ಲೆಕ್ಕ ಆಡಿಟ್ ಮಾಡುವ ಮಹಾಲೆಕ್ಕಪರಿಶೋಧಕರು) ಒಪ್ಪದೆ ಯಾವ ಸರ್ಕಾರಿ ಟೆಂಡರೂ ಆಗಲ್ಲ, ಹಾಗಾಗಿ ರಸ್ತೆ ಕಿತ್ತುಹೋದರೆ ಆಡಿಟರೇ ಹೊಣೆ ಅಂತ.

ಇದು ನಿಜವಲ್ಲ. ಟೆಂಡರ್ ಕರೆಯೋದು, ಒಪ್ಪೋದು, ಬಿಲ್ ಪಾಸ್ ಮಾಡೋದು ಎಲ್ಲಾ ಆಯಾ ಇಲಾಖೆಯ ಅಧಿಕಾರಿಗಳ ಕೆಲಸ. ಟೆಂಡರ್‌ಗೆ ಕರ್ನಾಟಕದಲ್ಲಿ 1999ರ ಕೆಟಿಪಿಪಿ ಕಾಯ್ದೆ (ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗಾಗಿ ಇರುವ ಕಾನೂನು) ಇದೆ. ಆಡಿಟರ್ ಬರೋದು ಸಾಮಾನ್ಯವಾಗಿ ದುಡ್ಡು ಖರ್ಚಾದ ಮೇಲೆ.

ಹಾಗಂತ ಅವರ ಕೆಲಸ ಸಣ್ಣದಲ್ಲ. ಒಂದು ರಸ್ತೆಯನ್ನೇ ತಗೊಳ್ಳಿ. ಎಷ್ಟು ಉದ್ದ, ಎಷ್ಟು ಅಗಲ, ಡಾಂಬರು ಎಷ್ಟು ದಪ್ಪ ಅಂತ ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆದಿರುತ್ತಾರೆ, ಆಡಿಟರ್ ಅದನ್ನು ಎಸ್ಟಿಮೇಟ್, ಕರಾರು, ಬಿಲ್ ಮೂರರ ಜೊತೆಗೂ ಇಟ್ಟು ನೋಡುತ್ತಾರೆ, ಟೆಂಡರ್ ತಪ್ಪಿಸೋಕೆ ಒಂದೇ ಕೆಲಸವನ್ನು ತುಂಡು ಗುತ್ತಿಗೆ ಮಾಡಿದ್ದಾರಾ ಅಂತಲೂ ಹುಡುಕುತ್ತಾರೆ. ಎಷ್ಟೋ ಅಕ್ರಮ ಹೊರಗೆ ಬರೋದೇ ಹೀಗೆ, ಅದಕ್ಕೇ ಅವರನ್ನು ಸುಮ್ನೆ ಬೈಯೋದು ಸರಿಯಲ್ಲ.

ತಪ್ಪು ಕಂಡರೆ ಇಲಾಖೆಯಿಂದ ಉತ್ತರ ಕೇಳುತ್ತಾರೆ. ಟೆಂಡರ್ ರದ್ದು ಮಾಡೋ, ಯಾರನ್ನಾದರೂ ಜೈಲಿಗೆ ಕಳಿಸೋ ಅಧಿಕಾರ ಅವರಿಗಿಲ್ಲ. ಸಂವಿಧಾನದ 151ನೇ ವಿಧಿಯಂತೆ ರಾಜ್ಯದ ಲೆಕ್ಕಗಳ ಬಗ್ಗೆ ಸಿಎಜಿ ವರದಿ ರಾಜ್ಯಪಾಲರಿಗೆ ಹೋಗಿ, ಅಲ್ಲಿಂದ ಸದನಕ್ಕೆ ಬರುತ್ತದೆ. ಆಮೇಲೆ ಶಾಸಕರಿರುವ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅಧಿಕಾರಿಗಳನ್ನು ಕರೆಸಿ ಪ್ರಶ್ನೆ ಮಾಡುತ್ತದೆ. ಇದಕ್ಕೆ ಟೈಮ್ ಜಾಸ್ತಿ ಹಿಡಿಯುತ್ತದೆ, ಅದು ಬೇಜಾರಿನ ವಿಷಯವೇ.

ನಿಮ್ಮೂರ ರಸ್ತೆ ಬಗ್ಗೆ ಅನುಮಾನ ಇದೆಯಾ? ಮಾಹಿತಿ ಹಕ್ಕಿನಡಿ ಅಳತೆ ಪುಸ್ತಕದ ನಕಲು ಕೇಳಿ. ಲಂಚದ ವಾಸನೆ ಬಂದರೆ ಲೋಕಾಯುಕ್ತಕ್ಕೆ ದೂರು ಕೊಡಬಹುದು.