ಹುಚ್ಚು ಹಿಟ್ಲರನಿಗೆ ಮಾತ್ರ ಇರಲಿಲ್ಲ

ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ಜರ್ಮನಿ ಮಾಡಿದ ದೈತ್ಯ ಮೌಸ್ ಟ್ಯಾಂಕ್ ಬಗ್ಗೆ ಚೆನ್ನಾಗಿ ಬರೆದಿದ್ದೀರಿ ಸರ್. ಆದರೆ ದೈತ್ಯ ಟ್ಯಾಂಕ್‌ಗಳ ಹುಚ್ಚು ಹಿಟ್ಲರನೊಬ್ಬನದ್ದೇ ಅಂದಿದ್ದೀರಲ್ಲ, ಅದನ್ನು ಒಪ್ಪೋಕಾಗಲ್ಲ. ಅದೇ ಯುದ್ಧದ ಕಾಲದ ಅಮೆರಿಕದವರ ಟಿ28 ಟ್ಯಾಂಕ್ ನೋಡಿ. 188 ಟನ್‌ನ ಮೌಸ್ ಎದುರು ಚಿಕ್ಕದೇ, ಆದರೂ 86 ಟನ್! ಜರ್ಮನಿಯ ಪಶ್ಚಿಮ ಗಡಿಯ ರಕ್ಷಣಾ ಸಾಲಾದ ಸೀಗ್‌ಫ್ರೀಡ್ ಲೈನ್‌ನ ಕಾಂಕ್ರೀಟ್ ಕೋಟೆಗಳನ್ನು ಒಡೆಯೋಕೆ ಅಂತ ಶುರು ಮಾಡಿದ್ದು. ಮುಂಭಾಗದ ಉಕ್ಕು 30 ಸೆಂ.ಮೀ. ದಪ್ಪ, 105 ಮಿ.ಮೀ. ತೋಪು. ಇದನ್ನು ಎಳೆಯೋಕೆ ಕೂರಿಸಿದ್ದು 500 ಅಶ್ವಶಕ್ತಿಯ ಫೋರ್ಡ್ ಎಂಜಿನ್. ಇದರ ಅರ್ಧ ತೂಕದ ಪರ್ಶಿಂಗ್ ಟ್ಯಾಂಕಿಗೆ ಹಾಕಿದ್ದೂ ಅದನ್ನೇ. ಗಂಟೆಗೆ ಹೆಚ್ಚೆಂದರೆ 13 ಕಿ.ಮೀ., ಸೈಕಲ್‌ನವನೂ ಹಿಂದೆ ಹಾಕಿ ಹೋಗಬಹುದು.

ನನಗೆ ಮಜಾ ಅನ್ನಿಸೋದು ಅದರ ಚೈನು. ತೂಕಕ್ಕೆ ನೆಲದಲ್ಲಿ ಹೂತುಹೋಗದಿರಲಿ ಅಂತ ಒಂದೊಂದು ಬದಿಗೆ ಎರಡೆರಡು ಸಾಲು ಚೈನು. ರೈಲಿನಲ್ಲಿ ಸಾಗಿಸುವಾಗ ಅಗಲ ಜಾಸ್ತಿ ಆಗುತ್ತಲ್ಲ, ಆಗ ಹೊರಗಿನ ಎರಡು ಸಾಲು ಕಳಚಿ, ಎರಡನ್ನೂ ಒಂದಕ್ಕೊಂದು ಜೋಡಿಸಿ, ಗಾಡಿ ಥರ ಟ್ಯಾಂಕಿನ ಹಿಂದೆಯೇ ಕಟ್ಟಿಕೊಂಡು ಎಳೆಯಬಹುದಿತ್ತು. ಕಳಚೋಕೇ ಗಂಟೆಗಟ್ಟಲೆ ಬೇಕು, ಅದು ಬೇರೆ ಮಾತು.

ತಯಾರಾಗಿದ್ದು ಎರಡೇ, ಅಷ್ಟರಲ್ಲಿ ಯುದ್ಧವೇ ಮುಗಿದಿತ್ತು. 1947ರ ಪರೀಕ್ಷೆಯಲ್ಲಿ ಒಂದರ ಎಂಜಿನ್‌ಗೆ ಬೆಂಕಿ ಬಿತ್ತು. ಇನ್ನೊಂದು 1974ರಲ್ಲಿ ವರ್ಜೀನಿಯಾದ ಫೋರ್ಟ್ ಬೆಲ್ವಾರ್ ಸೇನಾ ನೆಲೆಯ ಹಿಂದಿನ ಬಯಲಲ್ಲಿ ಅನಾಥವಾಗಿ ನಿಂತಿದ್ದು ಸಿಕ್ತು. 86 ಟನ್ ಉಕ್ಕನ್ನು ಮರೆತು ಬಿಡೋದು ಅಂದ್ರೆ ಹೇಗೆ ಮಾರಾಯ್ರೆ!

ಟಿ28ಗೆ ತೋಪಿನ ಗೋಪುರ ಇರಲಿಲ್ಲ. ಕೆಳಗೆ ಕಾಮೆಂಟಿನಲ್ಲಿ ಒಬ್ಬರು "ತಿರುಗುವ ಗೋಪುರ ಇಲ್ಲದಿದ್ದರೆ ಅದು ಟ್ಯಾಂಕೇ?" ಅಂತ ಕೇಳಿದ್ದಾರೆ. ಸೇನೆಗೇ ಆ ಗೊಂದಲ ಇತ್ತು. 1945ರಲ್ಲಿ ಅದನ್ನು ಟ್ಯಾಂಕ್ ಪಟ್ಟಿಯಿಂದ ತೆಗೆದು ಟಿ95 ಅಂತ ತೋಪಿನ ಗಾಡಿ ಮಾಡಿದರು, ಮರುವರ್ಷ ಮತ್ತೆ ಟಿ28 ಟ್ಯಾಂಕ್ ಅಂದರು.